ಸ್ಪಂಜಿನ ಇಂಜೆಕ್ಷನ್, ಶಾರ್ಕ್ ಕ್ಯಾಪ್ಸೂಲ್: ಅವ್ವನಿಗೆ ಯಾವುದು ಕೊಡಲಿ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾವು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವರು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ, ಅದೇ ನಮ್ಮ ದುಡಿಮೆ. ಅವ್ವನಿಗೆ 58 ವರ್ಷ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಆಪರೇಶನ್ ಮಾಡಿಸಿದೆವು. ಮೊದಲು ಕೆಂಪು ಇಂಜೆಕ್ಷನ್, ಆಮೇಲೆ ಪ್ಯಾಕ್ಲಿಟಾಕ್ಸೆಲ್ ಕೊಟ್ಟರು. ಹೋದ ವರ್ಷ ಲಿವರ್‌ಗೆ ಹರಡಿದೆ ಅಂದರು. ಕೀಮೋ ಗುಳಿಗೆ ಏಳು ತಿಂಗಳು ನಡೆಯಿತು. ಈಗ ಸ್ಕ್ಯಾನ್‌ನಲ್ಲಿ ಗಂಟು ಮತ್ತೆ ದೊಡ್ಡದಾಗಿದೆ. ರಿಪೋರ್ಟಿನಲ್ಲಿ ಈಆರ್, ಪಿಆರ್ ಅನ್ನುವ ಹಾರ್ಮೋನ್ ಪರೀಕ್ಷೆ, ಹರ್-2 ಅನ್ನುವ ಪ್ರೋಟೀನ್ ಪರೀಕ್ಷೆ, ಮೂರೂ ನೆಗೆಟಿವ್. ಮಿರಜದ ಡಾಕ್ಟರು ಎರಿಬುಲಿನ್ ಅನ್ನುವ ಇಂಜೆಕ್ಷನ್ ಬರೆದಿದ್ದಾರೆ. ಮೊಬೈಲ್‌ನಲ್ಲಿ ನೋಡಿದರೆ ಅದು ಸಮುದ್ರದ ಸ್ಪಂಜಿನಿಂದ ಬಂದದ್ದು ಅಂತ ಇದೆ. ಅವ್ವ ಲಿಂಗಪೂಜೆ ಆಗದೆ ನೀರೂ ಮುಟ್ಟುವವಳಲ್ಲ. ಸಮುದ್ರದ ಪ್ರಾಣಿ ಅಂದ ಕೂಡಲೇ ‘ನನಗ ಬ್ಯಾಡಪಾ’ ಅಂದಳು. ಇದರ ನಡುವೆ ನಮ್ಮ ಕಾಕಾ ಒಂದು ಡಬ್ಬಿ ತಂದಿದ್ದಾರೆ. ಅವ್ವನಿಗೆ ‘ಸಮುದ್ರದ ಗಿಡಮೂಲಿಕೆ’ ಅಂತ ಹೇಳಿದ್ದಾರೆ. ಡಬ್ಬಿಯ ಮೇಲಿನ ಇಂಗ್ಲಿಷ್ ಓದಿದರೆ ಶಾರ್ಕ್ ಮೀನಿನ ಮೆದು ಎಲುಬಿನ ಪುಡಿ ಮತ್ತು ಸಮುದ್ರದ ಪಾಚಿ. ‘ಅದೂ ಸಮುದ್ರದ್ದೇ, ಇದೂ ಸಮುದ್ರದ್ದೇ, ಇದಕ್ಕೆ ಸೈಡ್ ಎಫೆಕ್ಟ್ ಇಲ್ಲ’ ಅಂತ ಕಾಕಾ ಹೇಳುತ್ತಾರೆ. ಇಂಜೆಕ್ಷನ್ ಬಿಟ್ಟು ಇದನ್ನು ಕೊಡಬಹುದೇ? ಎರಡೂ ಸೇರಿಸಿ ಕೊಡಬಹುದೇ? ನೈಸರ್ಗಿಕ ಔಷಧಿಯಾದರೆ ಕೂದಲು ಯಾಕೆ ಉದುರುತ್ತದೆ? ನಮ್ಮ ಅವ್ವನ ಮೇಲೆ ಪ್ರಯೋಗ ಮಾಡುತ್ತಿದ್ದಾರೋ ಏನೋ ಅಂತಲೂ ಭಯ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಔಷಧಿಯ ಬಗ್ಗೆ. ಅದರೊಳಗೆ ಇನ್ನೊಂದು ಮಾತಿದೆ, ಅವ್ವನ ಮನಸ್ಸಿಗೆ ನೋವಾಗದ ಹಾಗೆ ಅವ್ವನನ್ನು ಉಳಿಸಿಕೊಳ್ಳುವುದು ಹೇಗೆ ಅಂತ. ಎರಡಕ್ಕೂ ಉತ್ತರ ಬರೆಯುತ್ತೇನೆ. ಬೆಳಗಾವಿಯಲ್ಲಿ ಕ್ಯಾನ್ಸರ್ ಔಷಧಿ ಕೊಡುವುದೇ ನನ್ನ ಕೆಲಸ. ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಿಂದ ಇಂಥ ಡಬ್ಬಿಗಳು ನನ್ನ ಟೇಬಲ್ ಮೇಲೆ ಬಂದು ಕೂರುವುದು ಹೊಸದಲ್ಲ. ತಂದವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಕಾಕಾ ಕೂಡ ಪ್ರೀತಿಯಿಂದಲೇ ತಂದಿದ್ದಾರೆ.

ಮೊದಲು ಅವ್ವನ ಮಾತಿಗೇ ಬರೋಣ. ಆ ಇಂಜೆಕ್ಷನ್ ಸೀಸೆಯಲ್ಲಿ ಸ್ಪಂಜು ಇಲ್ಲ. ಸ್ಪಂಜಿನ ರಸವೂ ಇಲ್ಲ, ಸಮುದ್ರದ ಯಾವ ಜೀವಿಯ ತುಣುಕೂ ಇಲ್ಲ. ಅದು ಪೂರ್ತಿ ಕಾರ್ಖಾನೆಯಲ್ಲಿ, ರಸಾಯನಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ ಔಷಧಿ. ಶುರುವಿನಿಂದ ಕೊನೆಯವರೆಗೆ 62 ಹಂತ ಅಂತ ಲೆಕ್ಕ. ಸ್ಪಂಜಿನಿಂದ ಬಂದದ್ದು ನಕ್ಷೆ ಮಾತ್ರ. ನಿಮಗೆ ನೇಯ್ಗೆ ಗೊತ್ತು. ಹಳೆಯ ಸೀರೆಯ ಸೆರಗು ನೋಡಿ ಅದೇ ಡಿಸೈನನ್ನು ಹೊಸ ನೂಲಿನಲ್ಲಿ ನೇಯ್ದರೆ, ಹೊಸ ಸೀರೆಯಲ್ಲಿ ಹಳೆಯದರ ಒಂದು ಎಳೆಯೂ ಇರುವುದಿಲ್ಲ, ಅಲ್ವಾ? ಹಾಗೆಯೇ ಇದು. ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತೇನೆ. ಔಷಧಿ ಕರಗಲಿ ಅಂತ ಆ ದ್ರವದಲ್ಲಿ ನೂರಕ್ಕೆ ಐದು ಭಾಗ ಆಲ್ಕೋಹಾಲ್ ಇರುತ್ತದೆ. 2 ಎಂಎಲ್ ಸೀಸೆಯಲ್ಲಿ ಅದು ಒಂದೆರಡು ಹನಿ. ಅವ್ವನಿಗೆ ಇದನ್ನೂ ಹೇಳಿ. ಆಮೇಲೆ ಯಾರಿಂದಲೋ ಗೊತ್ತಾಗಿ, ಮಗ ಮುಚ್ಚಿಟ್ಟ ಅಂತ ನೊಂದುಕೊಳ್ಳುವುದು ಬೇಡ.

ನಿಮ್ಮ ಅವ್ವ ಮೊದಲು ತೆಗೆದುಕೊಂಡ ಎರಡು ಇಂಜೆಕ್ಷನ್‌ಗಳ ಮೂಲವೂ ನಿಸರ್ಗವೇ. ಕೆಂಪು ಇಂಜೆಕ್ಷನ್ ಅಂದಿರಲ್ಲ, ಮೂತ್ರ ಕೆಂಪಗೆ ಹೋಗುವುದು ನೋಡಿ ಗಾಬರಿಯಾಗಿದ್ದೀರೇನೋ, ಅದು ಡಾಕ್ಸೊರುಬಿಸಿನ್. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಸಿಕ್ಕದ್ದು. ಪ್ಯಾಕ್ಲಿಟಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಅನ್ನುವ ಮರದ ತೊಗಟೆಯಲ್ಲಿ. ನಮ್ಮ ಮನೆಗಳ ಮುಂದೆ ಬೆಳೆಯುವ ಸದಾಪುಷ್ಪದಿಂದ ವಿನ್‌ಕ್ರಿಸ್ಟಿನ್ ಬಂತು, ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಅದು ಬೇಕೇ ಬೇಕು. ಹಾಗಾಗಿ ನೈಸರ್ಗಿಕವೋ ರಾಸಾಯನಿಕವೋ ಅಂತ ಎರಡು ಗುಂಪು ಮಾಡಿ ಒಂದನ್ನು ಆರಿಸುವ ಪ್ರಶ್ನೆ ಇಲ್ಲಿ ಇಲ್ಲ.

ಹಾಗಾದರೆ ಕೂದಲು ಯಾಕೆ ಉದುರುತ್ತದೆ? ಇದಕ್ಕೆ ಸಮುದ್ರಕ್ಕೇ ಹೋಗಬೇಕು.

ಒಂದು ಸಲ ಕಾರವಾರದ ಕಡೆ ನೀರು ಇಳಿದ ಹೊತ್ತಿನಲ್ಲಿ ಬಂಡೆಗಳ ನಡುವೆ ನಡೆದಿದ್ದೆ. ಬಂಡೆಯ ಸಂದಿಯಲ್ಲಿ ಕಿತ್ತಳೆ ಬಣ್ಣದ, ಬೆರಳಿಟ್ಟರೆ ಒದ್ದೆ ರಸ್ಕ್ ಹಾಗೆ ಮೆತ್ತಗಿನ ಒಂದು ಪದರ ಅಂಟಿಕೊಂಡಿತ್ತು. ಮೈತುಂಬ ಸಣ್ಣ ಸಣ್ಣ ತೂತು. ಅದು ಸ್ಪಂಜು. ನೋಡಿದರೆ ಗಿಡ ಅನ್ನಿಸುತ್ತದೆ, ಆದರೆ ಪ್ರಾಣಿ. ಕಾಲಿಲ್ಲ, ಹಲ್ಲಿಲ್ಲ, ಚಿಪ್ಪಿಲ್ಲ, ಓಡಿಹೋಗುವ ಹಾಗಿಲ್ಲ. ಸುತ್ತಲೂ ಮೀನು, ಏಡಿ. ಪಕ್ಕದಲ್ಲೇ ಜಾಗಕ್ಕಾಗಿ ಮೇಲೆ ಮೇಲೆ ಬರುವ ಬೇರೆ ಜೀವಿಗಳು. ಆದರೂ ಅದನ್ನು ಯಾರೂ ತಿಂದು ಮುಗಿಸಿಲ್ಲ. ನಮ್ಮ ಹೊಲದ ಬದುವಿನಲ್ಲಿ ಎಕ್ಕೆ ಗಿಡ ನೋಡಿದ್ದೀರಲ್ಲ. ಬೇಸಿಗೆಯಲ್ಲಿ ಸುತ್ತ ಎಲ್ಲ ಒಣಗಿದರೂ ಅದು ಹಸಿರಾಗಿರುತ್ತದೆ, ಮೇಯಲು ಬಂದ ದನ ಬಾಯಿ ಹಾಕುವುದಿಲ್ಲ. ಅದರ ಹಾಲಿನಲ್ಲಿ ವಿಷ ಇದೆ. ಸ್ಪಂಜಿನದೂ ಅದೇ ಉಪಾಯ. ಅದು, ಅಥವಾ ಅದರ ಮೈಯೊಳಗೆ ವಾಸವಾಗಿರುವ ಸೂಕ್ಷ್ಮಜೀವಿಗಳು, ವಿಷದಂಥ ವಸ್ತುಗಳನ್ನು ತಯಾರಿಸುತ್ತವೆ. ಅದರಲ್ಲೂ ಸಮುದ್ರದಲ್ಲಿ ಬಿಟ್ಟದ್ದೆಲ್ಲ ನೀರಿನಲ್ಲಿ ತೆಳುವಾಗಿ ಹೋಗುತ್ತದೆ. ಹಾಗಾಗಿ ತೀರಾ ಸ್ವಲ್ಪದರಲ್ಲೇ ಕೆಲಸ ಮಾಡುವಷ್ಟು ಅದು ಖಾರವಾಗಿರಬೇಕು.

ವಿಜ್ಞಾನಿಗಳು ಸಮುದ್ರದಲ್ಲಿ ಹುಡುಕುವುದು ಇಂಥ ವಿಷವನ್ನೇ. ಬೇರೆ ಜೀವಿಯ ಕೋಶ ಬೆಳೆಯದ ಹಾಗೆ ತಡೆಯುವ ವಸ್ತು, ಸರಿಯಾದ ಅಳತೆಯಲ್ಲಿ ಕ್ಯಾನ್ಸರ್ ಕೋಶವನ್ನೂ ತಡೆಯಬಹುದು ಅನ್ನುವುದು ಲೆಕ್ಕಾಚಾರ. ಅಂದ ಮೇಲೆ ಅದು ಮೃದು ಔಷಧಿ ಆಗುವುದು ಹೇಗೆ? ಎರಿಬುಲಿನ್ ಮಾಡುವ ಕೆಲಸ ಇದು. ಒಂದು ಕೋಶ ಎರಡಾಗುವಾಗ ಒಳಗೆ ಸಣ್ಣ ಎಳೆಗಳು ಹುಟ್ಟುತ್ತವೆ. ಆ ಎಳೆಗಳು ಉದ್ದ ಬೆಳೆದು, ಕೋಶದೊಳಗಿನ ಸಾಮಾನನ್ನು ಎರಡು ಪಾಲು ಮಾಡಿ ಆ ಕಡೆ ಈ ಕಡೆ ಎಳೆಯುತ್ತವೆ. ಎರಿಬುಲಿನ್ ಹೋಗಿ ಎಳೆಯ ತುದಿಯಲ್ಲೇ ಕೂರುತ್ತದೆ. ಎಳೆ ಮುಂದಕ್ಕೆ ಬೆಳೆಯುವುದಿಲ್ಲ. ಪಾಲು ಅರ್ಧಕ್ಕೇ ನಿಲ್ಲುತ್ತದೆ, ಕೊನೆಗೆ ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ಒಡೆಯುತ್ತಲೇ ಇರುವುದರಿಂದ ಹೊಡೆತ ಅವುಗಳಿಗೆ ಜಾಸ್ತಿ. ಆದರೆ ಕೂದಲಿನ ಬೇರು, ರಕ್ತ ಹುಟ್ಟುವ ಮಜ್ಜೆ ಕೂಡ ಬೇಗ ಬೇಗ ಒಡೆಯುವ ಜಾಗಗಳೇ. ನರಗಳೊಳಗೂ ಇಂಥದೇ ಎಳೆಗಳಿವೆ. ಕೂದಲು ಉದುರುವುದು, ಬಿಳಿ ರಕ್ತಕಣ ಇಳಿಯುವುದು, ಕೈಕಾಲು ಜೋಮು ಹಿಡಿಯುವುದು ಎಲ್ಲ ಅದಕ್ಕೇ.

ಈಗ ಕಾಕಾ ಅವರ ಮಾತು: ‘ಅದೂ ಸಮುದ್ರದ್ದೇ, ಇದೂ ಸಮುದ್ರದ್ದೇ.’ ಎರಡರ ನಡುವಿನ ದೂರ ತಿಳಿಯಬೇಕಾದರೆ ಆ ಇಂಜೆಕ್ಷನ್ ನಡೆದು ಬಂದ ದಾರಿ ನೋಡಬೇಕು.

1986ರಲ್ಲಿ ಜಪಾನಿನ ಹಿರಾಟ ಮತ್ತು ಉಎಮುರ ಎಂಬ ವಿಜ್ಞಾನಿಗಳು ಅಲ್ಲಿನ ಕಡಲತೀರದ ಒಂದು ಕಪ್ಪು ಸ್ಪಂಜಿನಿಂದ ಹ್ಯಾಲಿಕಾಂಡ್ರಿನ್-ಬಿ ಎಂಬ ವಸ್ತುವನ್ನು ಬೇರ್ಪಡಿಸಿದರು. 600 ಕಿಲೋ, ಅಂದರೆ ಆರು ಕ್ವಿಂಟಾಲ್ ಸ್ಪಂಜು ಅರೆದು ಸೋಸಿದಾಗ ಕೈಗೆ ಬಂದದ್ದು 12.5 ಮಿಲಿಗ್ರಾಂ. ನಮ್ಮ ಬಿಳಿ ಜೋಳದ ಒಂದು ಕಾಳು ಸುಮಾರು 30 ಮಿಲಿಗ್ರಾಂ ತೂಗುತ್ತದೆ. ಆರು ಕ್ವಿಂಟಾಲಿನಿಂದ ಅರ್ಧ ಜೋಳದ ಕಾಳಿನಷ್ಟೂ ಇಲ್ಲ. ಮುಂದೆ ನ್ಯೂಜಿಲೆಂಡ್ ಸಮುದ್ರದ ಇನ್ನೊಂದು ಸ್ಪಂಜಿನಲ್ಲೂ ಅದೇ ವಸ್ತು ಸಿಕ್ಕಿತು. ಒಂದು ಟನ್ ಸ್ಪಂಜಿಗೆ ಸುಮಾರು 300 ಮಿಲಿಗ್ರಾಂ, ಒಂದು ಪ್ಯಾರಾಸಿಟಮಾಲ್ ಗುಳಿಗೆಗಿಂತ ಕಡಿಮೆ. ನಿಮ್ಮ ಕಡೆ ಟನ್ ಲೆಕ್ಕದಲ್ಲಿ ಕಬ್ಬು ಫ್ಯಾಕ್ಟರಿಗೆ ಹೋಗುತ್ತದೆ. ಕಬ್ಬನ್ನು ಮತ್ತೆ ನಾಟಿ ಮಾಡಬಹುದು. ಸ್ಪಂಜನ್ನು ಅಷ್ಟು ಸುಲಭವಾಗಿ ಬೆಳೆಸಲು ಆಗುವುದಿಲ್ಲ. ರೋಗಿಗಳಿಗೆಲ್ಲ ಸ್ಪಂಜಿನಿಂದಲೇ ಔಷಧಿ ತೆಗೆಯುತ್ತೇವೆ ಅಂದಿದ್ದರೆ ಸಮುದ್ರದ ತಳ ಬರಿದಾಗುತ್ತಿತ್ತು, ಔಷಧಿ ಮಾತ್ರ ಸಾಲುತ್ತಿರಲಿಲ್ಲ.

ಹಾಗಾಗಿ ಕೈಯಿಂದಲೇ ಕಟ್ಟಬೇಕಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಯೋಶಿತೊ ಕಿಶಿ ಅವರ ತಂಡ 1992ರಲ್ಲಿ ಆ ಅಣುವನ್ನು ಪ್ರಯೋಗಾಲಯದಲ್ಲಿ ಪೂರ್ತಿ ಕಟ್ಟಿತು. ಬಹಳ ದೊಡ್ಡ, ಬಹಳ ತೊಡಕಿನ ಅಣು ಅದು. ಆಮೇಲೆ ಐಸೈ ಎಂಬ ಜಪಾನಿ ಕಂಪನಿಯವರು, ಇಷ್ಟು ದೊಡ್ಡದು ಬೇಕಾಗಿಲ್ಲ, ಅದರ ಒಂದು ಅರ್ಧವೇ ಸಾಕು ಅಂತ ಕಂಡುಕೊಂಡರು. ಆ ಅರ್ಧವನ್ನು ತಿದ್ದಿ ತೀಡಿದ್ದು ಎರಿಬುಲಿನ್. ರೋಗಿಗಳಲ್ಲಿ ಪರೀಕ್ಷೆ ಮುಗಿದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2010ರ ನವೆಂಬರ್‌ನಲ್ಲಿ. ಸ್ಪಂಜಿನಿಂದ ಸೀಸೆಗೆ ಬರಲು 24 ವರ್ಷ.

ಇದು ಒಂದೇ ಅಲ್ಲ. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಎಂಬವರು ಕೆರಿಬಿಯನ್ ಕಡಲಿನ ಸ್ಪಂಜಿನಲ್ಲಿ ಕೆಲವು ವಿಚಿತ್ರ ವಸ್ತುಗಳನ್ನು ಕಂಡರು. ಅದೇ ಮಾದರಿಯಲ್ಲಿ ಮಾಡಿದ ಸೈಟರಾಬಿನ್ 1969ರಿಂದ ರಕ್ತದ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ನಮ್ಮ ವಾರ್ಡಿನಲ್ಲಿ ಅದಿಲ್ಲದೆ ನಡೆಯುವುದೇ ಇಲ್ಲ. ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಔಷಧಿ ಸಿಕ್ಕಿದ್ದು ಕಡಲಿನ, ಚೀಲದಂಥ ಒಂದು ಜೀವಿಯಿಂದ. ಅದಕ್ಕೆ ಕ್ಯಾನ್ಸರ್ ತಡೆಯುವ ಗುಣ ಇದೆ ಅಂತ 1969ರಲ್ಲೇ ಗೊತ್ತಾಯಿತು, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಈಗ ಅದನ್ನು ಬ್ಯಾಕ್ಟೀರಿಯಾ ಬೆಳೆಸಿ, ಅದರಿಂದ ಬಂದ ವಸ್ತುವನ್ನು ತಿದ್ದಿ ತಯಾರಿಸುತ್ತಾರೆ. ಗೆದ್ದವುಗಳ ಹೆಸರು ನಮಗೆ ಗೊತ್ತು. ಸೋತವು ಬಹಳ. ಡಿಡೆಮ್ನಿನ್-ಬಿ ಎಂಬ ಕಡಲ ವಸ್ತು 1980ರ ದಶಕದಲ್ಲಿ ರೋಗಿಗಳ ಪರೀಕ್ಷೆಯವರೆಗೆ ಬಂತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು, ಮನುಷ್ಯರಿಗೆ ವಿಷವೇ ಜಾಸ್ತಿಯಾಯಿತು. ಕೈಬಿಟ್ಟರು. ಬ್ರಯೋಸ್ಟಾಟಿನ್ ಎಂಬ ಇನ್ನೊಂದು ಕಡಲ ವಸ್ತುವನ್ನು ಹತ್ತಾರು ಪರೀಕ್ಷೆಗಳಲ್ಲಿ ಕೊಟ್ಟು ನೋಡಿದರೂ ಕ್ಯಾನ್ಸರ್‌ಗೆ ಔಷಧಿಯಾಗಿ ನಿಲ್ಲಲಿಲ್ಲ. ‘ಸಮುದ್ರದ ಪಾಚಿ ಕ್ಯಾನ್ಸರ್ ಕೋಶ ಕೊಂದಿತು’ ಅಂತ ಮೊಬೈಲ್‌ನಲ್ಲಿ ಓದಿದಾಗ ಇದನ್ನು ನೆನಪಿಡಿ. ತಟ್ಟೆಯಲ್ಲಿರುವ ಕೋಶವನ್ನು ಕೊಲ್ಲುವ ವಸ್ತುಗಳಿಗೆ ಕೊರತೆಯಿಲ್ಲ. ಲಿವರ್ ದಾಟಿ, ರಕ್ತದಲ್ಲಿ ಸರಿಯಾದ ಮಟ್ಟದಲ್ಲಿ ನಿಂತು, ಗಂಟನ್ನು ಮುಟ್ಟಿ, ಮನುಷ್ಯನನ್ನು ಬದುಕಿಸಿ ಬರುವುದೇ ಕಷ್ಟ.

ಇನ್ನು ಶಾರ್ಕ್. ಶಾರ್ಕ್‌ಗೆ ಕ್ಯಾನ್ಸರ್ ಬರುವುದೇ ಇಲ್ಲ ಅನ್ನುವ ಮಾತಿನ ಮೇಲೆ ಈ ವ್ಯಾಪಾರ ನಿಂತಿದೆ. ಆ ಮಾತು ಸುಳ್ಳು. ಶಾರ್ಕ್‌ಗಳಲ್ಲಿ ಗಂಟುಗಳನ್ನು ವಿಜ್ಞಾನಿಗಳು ಕಂಡು ದಾಖಲಿಸಿದ್ದಾರೆ. ಮೆದು ಎಲುಬಿನಲ್ಲಿ ರಕ್ತನಾಳ ಇರುವುದಿಲ್ಲ, ಹಾಗಾಗಿ ಅದರಲ್ಲಿ ರಕ್ತನಾಳ ಬೆಳೆಯದ ಹಾಗೆ ತಡೆಯುವ ವಸ್ತು ಇರಬಹುದು, ಅದು ಗಂಟಿಗೆ ಹೋಗುವ ರಕ್ತವನ್ನೂ ನಿಲ್ಲಿಸಬಹುದು ಎಂಬುದು ಮೂಲ ಯೋಚನೆ. ಯೋಚನೆ ಕೆಟ್ಟದ್ದೇನಲ್ಲ. ಅದಕ್ಕೇ ಅದನ್ನು ನಿಜವಾಗಿಯೂ ಪರೀಕ್ಷೆ ಮಾಡಿದರು. ಶಾರ್ಕ್ ಮೆದು ಎಲುಬಿನ ಶುದ್ಧ ಸಾರವನ್ನು 379 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ನೋಡಿದರು. ಎಲ್ಲರಿಗೂ ಕೀಮೋ, ರೇಡಿಯೇಶನ್ ನಡೆದಿತ್ತು. ಒಂದು ಗುಂಪಿಗೆ ಅದರ ಜೊತೆ ಶಾರ್ಕ್ ಸಾರ, ಇನ್ನೊಂದು ಗುಂಪಿಗೆ ಅದರ ಜೊತೆ ಸುಳ್ಳು ಔಷಧಿ, ಅಂದರೆ ಔಷಧಿಯ ಗುಣವೇ ಇಲ್ಲದ ದ್ರವ. ಸಾರ ಕುಡಿದ ಗುಂಪಿನ ಅರ್ಧದಷ್ಟು ಜನ 14.4 ತಿಂಗಳು ದಾಟಿ ಬದುಕಿದರು. ಸುಳ್ಳು ಔಷಧಿ ಕುಡಿದವರಲ್ಲಿ ಅದೇ ಲೆಕ್ಕ 15.6 ತಿಂಗಳು. ಪ್ರಯೋಜನ ಆಗಲಿಲ್ಲ. ಅದು ಕಂಪನಿಯೊಂದು ಜಾಗ್ರತೆಯಿಂದ ತಯಾರಿಸಿದ ಸಾರ. ನಿಮ್ಮ ಡಬ್ಬಿಯಲ್ಲಿರುವುದು ಪುಡಿ, ನುಂಗಿದರೆ ಬೇಳೆ ಕಾಳಿನ ಪ್ರೋಟೀನಿನ ಹಾಗೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ.

‘ಸೈಡ್ ಎಫೆಕ್ಟ್ ಇಲ್ಲ’ ಅನ್ನುವುದೂ ನಿಜವಲ್ಲ. ಮೆದು ಎಲುಬಿನ ಪುಡಿಯಲ್ಲಿ ಕ್ಯಾಲ್ಶಿಯಂ ಜಾಸ್ತಿ. ಹರಡಿದ ಕ್ಯಾನ್ಸರ್ ಇರುವವರಿಗೆ ಮೊದಲೇ ರಕ್ತದಲ್ಲಿ ಕ್ಯಾಲ್ಶಿಯಂ ಏರುವ ಅಪಾಯ ಇರುತ್ತದೆ. ಶಾರ್ಕ್ ದೊಡ್ಡ ಬೇಟೆ ಮೀನು, ಅಂಥ ಮೀನುಗಳ ಮೈಯಲ್ಲಿ ಪಾದರಸ ಸೇರಿಕೊಳ್ಳುತ್ತದೆ. ಸಮುದ್ರದ ಪಾಚಿಯಲ್ಲಿ ಅಯೋಡಿನ್ ಹೆಚ್ಚು, ಥೈರಾಯ್ಡ್ ಏರುಪೇರಾಗಬಹುದು. ಕಂದು ಪಾಚಿಯಲ್ಲಿರುವ ಫ್ಯೂಕಾಯ್ಡನ್ ಎಂಬ ವಸ್ತುವಿಗೆ ರಕ್ತ ತೆಳು ಮಾಡುವ ಗುಣ ಇದೆ. ಕೀಮೋದಿಂದ ಪ್ಲೇಟ್‌ಲೆಟ್ ಇಳಿದಾಗ ಅದು ಬೇಡವೇ ಬೇಡ. ನನಗೆ ಇವೆಲ್ಲಕ್ಕಿಂತ ದೊಡ್ಡ ಚಿಂತೆ ಲಿವರ್‌ದು. ಎರಿಬುಲಿನ್ ಡೋಸನ್ನು ಲಿವರ್ ರಿಪೋರ್ಟ್ ನೋಡಿ ನಿರ್ಧರಿಸುತ್ತೇವೆ, ಲಿವರ್ ಸೋತಿದ್ದರೆ ಕಡಿಮೆ ಮಾಡುತ್ತೇವೆ. ನಡುವೆ ಗೊತ್ತಿಲ್ಲದ ಕ್ಯಾಪ್ಸೂಲ್ ಸೇರಿ ರಿಪೋರ್ಟ್ ಕೆಟ್ಟರೆ, ಅದು ಕ್ಯಾನ್ಸರ್‌ನಿಂದಲೋ, ಇಂಜೆಕ್ಷನ್‌ನಿಂದಲೋ, ಡಬ್ಬಿಯಿಂದಲೋ ಹೇಳಲು ಆಗುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಂಜೆಕ್ಷನ್ ಬದಲಿಗೆ ಬೇಡ, ಜೊತೆಗೂ ಬೇಡ.

ಕೆಲವು ವರ್ಷದ ಹಿಂದೆ ವಿಜಯಪುರ ಕಡೆಯಿಂದ ಒಬ್ಬ ತಾಯಿ ಬರುತ್ತಿದ್ದರು. ಚಿಕಿತ್ಸೆಗೆ ಗಂಟು ಚೆನ್ನಾಗಿ ಕರಗುತ್ತಿತ್ತು. ಯಾರೋ ಒಂದು ಪುಡಿ ಕೊಟ್ಟು, ಕೀಮೋ ನಿಲ್ಲಿಸಿದರೆ ಮಾತ್ರ ಇದು ಹತ್ತುತ್ತದೆ ಅಂದರಂತೆ. ನಾಲ್ಕು ತಿಂಗಳು ಬರಲಿಲ್ಲ. ಮತ್ತೆ ಬಂದಾಗ ಕಣ್ಣು ಹಳದಿಯಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಕೈಚೀಲದಿಂದ ಖಾಲಿ ಡಬ್ಬಿಗಳನ್ನು ತೆಗೆದು ಒಂದೊಂದಾಗಿ ನನ್ನ ಟೇಬಲ್ ಮೇಲೆ ಇಟ್ಟರು. ಒಂದೂ ಹೊತ್ತು ತಪ್ಪಿಸಿಲ್ಲ ನೋಡ್ರಿ ಅಂದರು. ಔಷಧಿ ಶುರು ಮಾಡುವ ಸ್ಥಿತಿಯಲ್ಲಿ ಅವರ ಲಿವರ್ ಇರಲಿಲ್ಲ. ಅವರನ್ನು ನಾನು ಮರೆತಿಲ್ಲ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾನೂನೇ ನಿಷೇಧಿಸಿದೆ. ಅದಕ್ಕೇ ಡಬ್ಬಿಯ ಮೇಲೆ ಹಾಗೆ ಬರೆದಿರುವುದಿಲ್ಲ, ಬಾಯಿಮಾತಿನಲ್ಲಿ ಹೇಳುತ್ತಾರೆ. ನಿಮ್ಮ ಡಬ್ಬಿಯ ಮೇಲೂ ಒಮ್ಮೆ ಹುಡುಕಿ ನೋಡಿ.

ಪ್ರಯೋಗದ ಭಯಕ್ಕೆ ಬರುತ್ತೇನೆ. ನಿಮ್ಮ ಡಾಕ್ಟರು ಹೇಳಿದ್ದು ಪ್ರಯೋಗ ಅಲ್ಲ. ಹರಡಿದ ಸ್ತನ ಕ್ಯಾನ್ಸರ್‌ಗೆ ಕೆಂಪು ಇಂಜೆಕ್ಷನ್ ಗುಂಪಿನದು, ಪ್ಯಾಕ್ಲಿಟಾಕ್ಸೆಲ್ ಗುಂಪಿನದು ಆದ ಮೇಲೆ ಎರಿಬುಲಿನ್ ಕೊಡುವುದು ಜಗತ್ತಿನ ಎಲ್ಲ ಕಡೆ ನಡೆಯುವ ಪದ್ಧತಿ. ನಿಜವಾದ ಪ್ರಯೋಗವಾದರೆ ಗುಟ್ಟಾಗಿ ಮಾಡುವ ಹಾಗಿಲ್ಲ. ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರ ಕೊಡಬೇಕು, ಓದಿ ಹೇಳಬೇಕು, ಅವ್ವನ ಸಹಿ ಬೇಕು. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿರಬೇಕು. ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಹೆಸರಿರಬೇಕು. ಪ್ರಯೋಗದಿಂದ ತೊಂದರೆಯಾದರೆ ಪರಿಹಾರ ಕೊಡಬೇಕು. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು. ಇಷ್ಟೆಲ್ಲ ಇರುವುದರಿಂದ ‘ಪ್ರಯೋಗ’ ಅಂದ ಕೂಡಲೇ ಹೆದರಬೇಕಿಲ್ಲ. ನಿಮ್ಮ ಅವ್ವನಿಗೆ ಸರಿಹೊಂದುವ ಟ್ರಯಲ್ ಇದೆಯೇ ಅಂತ ನೀವೇ ಕೇಳಬಹುದು. ಹೊಸ ಔಷಧಿ ಸಿಗುವ ದಾರಿ ಅದು, ಆದರೆ ಫಲ ಸಿಗುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಓಡಾಟವೂ ಹೆಚ್ಚು.

ಈಗ ಎರಿಬುಲಿನ್‌ನಿಂದ ಎಷ್ಟು ಆಶೆ ಇಟ್ಟುಕೊಳ್ಳಬಹುದು? ಇದನ್ನು ಬರೆಯುವಾಗ ಕೈ ಸ್ವಲ್ಪ ನಿಲ್ಲುತ್ತದೆ, ಆದರೆ ನಿಮಗೆ ನಿಜ ಗೊತ್ತಿರಬೇಕು. ಇದು ಕ್ಯಾನ್ಸರನ್ನು ಬುಡದಿಂದ ತೆಗೆಯುವ ಔಷಧಿ ಅಲ್ಲ. 762 ಹೆಂಗಸರ ಪರೀಕ್ಷೆಯಲ್ಲಿ ಎರಿಬುಲಿನ್ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ 13.1 ತಿಂಗಳಿಗಿಂತ ಹೆಚ್ಚು ಬದುಕಿದರು. ಬೇರೆ ಚಿಕಿತ್ಸೆ ತೆಗೆದುಕೊಂಡವರಲ್ಲಿ ಅದು 10.6 ತಿಂಗಳು. ನೂರರಲ್ಲಿ ಸುಮಾರು 12 ಜನರಿಗೆ ಗಂಟು ಎದ್ದು ಕಾಣುವಷ್ಟು ಚಿಕ್ಕದಾಯಿತು. ಇನ್ನು ಕೆಲವರಿಗೆ ಬೆಳೆಯದೆ ಸ್ವಲ್ಪ ಕಾಲ ನಿಂತಿತು, ಉಳಿದವರಿಗೆ ಹತ್ತಲಿಲ್ಲ. ನಿಮ್ಮ ಅವ್ವ ಯಾವ ಗುಂಪಿನಲ್ಲಿ ಅಂತ ಮೊದಲೇ ಹೇಳಲು ಆಗುವುದಿಲ್ಲ. ಹಾಗಾಗಿ ಎರಡು ಮೂರು ಸುತ್ತು ಕೊಟ್ಟು ಸ್ಕ್ಯಾನ್ ಮಾಡುತ್ತೇವೆ. ಹತ್ತಿದರೆ ಮುಂದುವರಿಸುತ್ತೇವೆ, ಇಲ್ಲವಾದರೆ ನಿಲ್ಲಿಸುತ್ತೇವೆ. ಹತ್ತದ ಔಷಧಿಯನ್ನು ಸುಮ್ನೆ ಎಳೆಯುವುದರಲ್ಲಿ ಅರ್ಥವಿಲ್ಲ.

ಕೊಡುವುದು ಸುಲಭ. 21 ದಿನದ ಒಂದು ಸುತ್ತಿನಲ್ಲಿ ಮೊದಲ ದಿನ ಮತ್ತು ಎಂಟನೇ ದಿನ, ರಕ್ತನಾಳದ ಮೂಲಕ, 2ರಿಂದ 5 ನಿಮಿಷದ ಇಂಜೆಕ್ಷನ್. ನೀರಿನಂತೆ ತಿಳಿ. ಒಂದು ಸಲಕ್ಕೆ ಸುಮಾರು 2 ಮಿಲಿಗ್ರಾಂ ಔಷಧಿ, ಅವ್ವನ ಎತ್ತರ ತೂಕದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಇಡೀ ದಿನ ಬಾಟಲಿ ಹಿಡಿದು ಮಲಗುವ ಕಷ್ಟ ಇಲ್ಲ. ಶುರು ಮಾಡುವ ಮೊದಲು ಇಸಿಜಿ ಮಾಡಿಸುತ್ತಾರೆ, ಕೆಲವರಿಗೆ ಹೃದಯದ ಬಡಿತದ ಲಯ ಏರುಪೇರಾಗುತ್ತದೆ. ಪ್ರತಿ ಇಂಜೆಕ್ಷನ್‌ಗೆ ಮುಂಚೆ ರಕ್ತ ಪರೀಕ್ಷೆ ಆಗಲೇಬೇಕು.

ಎರಡು ಸಂಗತಿಗಳನ್ನು ಮನೆಯವರೆಲ್ಲ ತಿಳಿದಿರಿ. ಒಂದು ಜ್ವರ. ಬಿಳಿ ರಕ್ತಕಣ ಇಳಿದಾಗ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು. ಬೆಳಗಾಗಲಿ ನೋಡೋಣ, ಒಂದು ಗುಳಿಗೆ ನುಂಗಿಸೋಣ ಅಂತ ಕಾಯಬಾರದು. ರಾತ್ರಿ ಎರಡಕ್ಕೆ ಜ್ವರ ಬಂದರೆ ಬನಹಟ್ಟಿಯಿಂದ ಎಲ್ಲಿಗೆ ಹೋಗಬೇಕು, ಮಿರಜದವರೆಗೆ ಹೋಗಬೇಕೋ ಹತ್ತಿರದ ಯಾವ ಆಸ್ಪತ್ರೆ ಆಗುತ್ತದೋ, ಇಂಜೆಕ್ಷನ್ ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಂದು ಜೋಮು. ಗೋಕಾಕ ಕಡೆಯ ಒಬ್ಬ ಅಮ್ಮ ಇದೇ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಪ್ರತಿ ಸಲ ಕೇಳಿದಾಗಲೂ ಕೈಕಾಲು ಆರಾಮ ಅದಾವರಿ ಅನ್ನುತ್ತಿದ್ದರು. ಒಂದು ದಿನ ನರ್ಸ್ ಸೂಜಿ ಹಾಕಲು ಕೈ ಹಿಡಿದಾಗ ಬೆರಳ ತುದಿಗಳಲ್ಲಿ ಸುಟ್ಟ ಗುಳ್ಳೆಗಳು ಕಂಡವು. ರೊಟ್ಟಿ ಬಡಿದು ಹಂಚಿಗೆ ಹಾಕಿ ಮೇಲೆ ನೀರು ಸವರುವಾಗ ಬಿಸಿಯೇ ಗೊತ್ತಾಗುತ್ತಿರಲಿಲ್ಲವಂತೆ. ಹೇಳಿದರೆ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ ಅಂತ ಮುಚ್ಚಿಟ್ಟಿದ್ದರು. ಆ ದಿನ ಡೋಸ್ ತಡೆದೆವು, ಆಮೇಲೆ ಕಡಿಮೆ ಮಾಡಿ ಮುಂದುವರಿಸಿದೆವು. ಬೇಗ ಹೇಳಿದರೆ ಇಷ್ಟರಲ್ಲೇ ಸರಿಹೋಗುತ್ತದೆ. ತಡವಾದರೆ ಜೋಮು ಉಳಿದುಬಿಡಬಹುದು. ಅವ್ವನನ್ನು ‘ಆರಾಮ ಇದ್ದೀಯಾ’ ಅಂತ ಕೇಳಬೇಡಿ. ಕುಪ್ಪಸದ ಗುಂಡಿ ಹಾಕಲು ಬರುತ್ತದೆಯೇ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುತ್ತದೆಯೇ ಅಂತ ಕೇಳಿ.

ಇದನ್ನು ಬಿಟ್ಟು ಬೇರೆ ದಾರಿಗಳೂ ಇವೆ. ಜೆಮ್ಸಿಟಾಬಿನ್, ವಿನೊರೆಲ್‌ಬಿನ್ ಅಂತ ಹಳೆಯ ಇಂಜೆಕ್ಷನ್‌ಗಳಿವೆ, ಒಬ್ಬೊಬ್ಬರಿಗೆ ಒಂದೊಂದು ಹತ್ತುತ್ತದೆ. ಬಿಆರ್‌ಸಿಎ ಎಂಬ ವಂಶವಾಹಿ ಪರೀಕ್ಷೆ ಆಗಿದೆಯೇ ಕೇಳಿ. ಅದರಲ್ಲಿ ದೋಷ ಕಂಡರೆ ಗುಳಿಗೆಯ ಬೇರೆ ಚಿಕಿತ್ಸೆ ಇದೆ, ನಿಮ್ಮ ಅಕ್ಕ ತಂಗಿಯರಿಗೂ ಆ ವಿಷಯ ತಿಳಿದಿರಬೇಕಾಗುತ್ತದೆ. ಹರ್-2 ಪೂರ್ತಿ ಸೊನ್ನೆಯೋ, ಸ್ವಲ್ಪ ಇದೆಯೋ ಅಂತಲೂ ಕೇಳಿ. ಸ್ವಲ್ಪ ಇದ್ದವರಿಗೆ ಈಚೆಗೆ ಹೊಸ ಔಷಧಿ ಬಂದಿದೆ. ಇಂಥ ಹೊಸ ಔಷಧಿಗಳು ಬಹಳ ದುಬಾರಿ. ಅದಕ್ಕಾಗಿ ಮಗ್ಗ ಮಾರುವ ಯೋಚನೆ ಬಂದರೆ, ಮಾರುವ ಮೊದಲು ಡಾಕ್ಟರ ಮುಂದೆ ಕೂತು ಮಾತಾಡಿ. ಎಷ್ಟು ಸುತ್ತು, ಸುತ್ತಿಗೆ ಎಷ್ಟು ಸೀಸೆ, ಒಟ್ಟು ಎಷ್ಟಾಗುತ್ತದೆ, ಅದೇ ಔಷಧಿ ಬೇರೆ ಕಂಪನಿಯದು ಕಡಿಮೆ ದರಕ್ಕೆ ಸಿಗುತ್ತದೆಯೇ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ನಾವು ಡಾಕ್ಟರುಗಳು ಹಣದ ಮಾತನ್ನು ನಾವಾಗಿಯೇ ತೆಗೆಯುವುದು ಕಡಿಮೆ, ಅದು ತಪ್ಪು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಮಿರಜ ಮಹಾರಾಷ್ಟ್ರದಲ್ಲಿದೆ. ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ಈ ಇಂಜೆಕ್ಷನ್ ಪ್ಯಾಕೇಜಿನಲ್ಲಿ ಇದೆಯೇ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ವಿಚಾರಿಸಿ. ಇಲ್ಲವಾದರೆ ಇದೇ ಚಿಕಿತ್ಸೆಯನ್ನು ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಮುಂದುವರಿಸಬಹುದೇ ಅಂತ ನೋಡಿ. ಫೈಲ್ ತೆಗೆದುಕೊಂಡು ಬೇರೆ ಕಡೆ ಹೋಗುತ್ತೇನೆ ಅಂದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೀಮೋ ಸಾಕು ಅಂತ ಅವ್ವ ಹೇಳಿದರೆ ಅದೂ ಒಂದು ದಾರಿ. ಹಾಗಂದರೆ ಕೈಬಿಟ್ಟ ಹಾಗಲ್ಲ. ನೋವು, ವಾಂತಿ, ನಿದ್ದೆ, ಊಟ ಇವುಗಳನ್ನು ನೋಡಿಕೊಳ್ಳುವ ಪ್ಯಾಲಿಯೇಟಿವ್ ವೈದ್ಯರಿದ್ದಾರೆ. ಇಂಜೆಕ್ಷನ್ ತೆಗೆದುಕೊಂಡರೂ ಅವರನ್ನು ಈಗಲೇ ಕಾಣುವುದು ಒಳ್ಳೆಯದು. ಲಿವರ್ ದೊಡ್ಡದಾದಾಗ ಬರುವ ನೋವಿಗೆ ಒಳ್ಳೆಯ ಔಷಧಿ ಇದೆ. ಕೊನೆಯ ಹೊತ್ತಿನವರೆಗೆ ಅದಕ್ಕಾಗಿ ಕಾಯುವುದು ಬೇಡ.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರೆ: ಅವ್ವ ಎದ್ದು ಓಡಾಡಿಕೊಂಡಿದ್ದರೆ, ಲಿವರ್ ರಿಪೋರ್ಟ್ ಕೆಟ್ಟಿಲ್ಲದಿದ್ದರೆ, ಎರಿಬುಲಿನ್ ಎರಡು ಸುತ್ತು ಕೊಟ್ಟು ನೋಡುತ್ತಿದ್ದೆ. ಆದರೆ ಹೂಂ ಅನ್ನಬೇಕಾದವರು ನೀವಲ್ಲ, ಕಾಕಾ ಅಲ್ಲ, ನಾನೂ ಅಲ್ಲ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅವರ ಹತ್ತಿರ ಕೂರಿ. ಇಂಜೆಕ್ಷನ್‌ನಲ್ಲಿ ಪ್ರಾಣಿಯದ್ದು ಏನೂ ಇಲ್ಲ ಅಂತ ಹೇಳಿ, ಆ ಒಂದೆರಡು ಹನಿಯ ಮಾತೂ ಹೇಳಿ. ಡಬ್ಬಿಯಲ್ಲಿರುವುದು ಮೀನಿನ ಎಲುಬು, ಕ್ಯಾಪ್ಸೂಲಿನ ಹೊರಕವಚ ಕೂಡ ಬಹಳ ಸಲ ಪ್ರಾಣಿಗಳ ಜಿಲೆಟಿನ್‌ನಿಂದ ಮಾಡಿದ್ದು ಅಂತಲೂ ಹೇಳಿ. ಗಿಡಮೂಲಿಕೆ ಅಂತ ನಂಬಿಸಿ ಅವರ ಬಾಯಿಗೆ ಅದನ್ನು ಹಾಕುವುದು ಸರಿಯಲ್ಲ. ಕಾಕಾ ಅವರನ್ನೂ ಅಲ್ಲೇ ಕೂರಿಸಿಕೊಳ್ಳಿ. ಅವರಿಗೂ ಏನಾದರೂ ಮಾಡಬೇಕು ಅಂತ ಮನಸ್ಸಿದೆ, ಎಂಟನೇ ದಿನದ ಇಂಜೆಕ್ಷನ್‌ಗೆ ಅವ್ವನನ್ನು ಕರೆದುಕೊಂಡು ಹೋಗುವ ಕೆಲಸ ಅವರಿಗೆ ಕೊಡಿ.

ಮುಂದಿನ ಸಲ ಮಿರಜಕ್ಕೆ ಹೋಗುವಾಗ ಆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಅವ್ವ ಈಗಾಗಲೇ ಕೆಲವು ಕ್ಯಾಪ್ಸೂಲ್ ನುಂಗಿದ್ದರೆ ಯಾವ ದಿನದಿಂದ, ದಿನಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಬೈದರೂ ಪರವಾಗಿಲ್ಲ. ಇಂಜೆಕ್ಷನ್‌ಗೆ ಮುಂಚೆ ಅವರಿಗೆ ಅದು ಗೊತ್ತಿರಬೇಕು.